ಯೂರಿಯಾದಿಂದ ನೀರು ತೊಳೆಯುವ ಪುಡಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಮಳೆ ನಂಬಿ ರಾಗಿ ಬಿತ್ತುವ ನನ್ನಂಥವರಿಗೆ ಕೈ ಹಿಡಿಯೋದು ಹಾಲು. ಕೆಚ್ಚಲು ಬಾವು ಬಂದರೆ ಆಂಟಿಬಯೋಟಿಕ್ ಕೊಡಿಸದೆ ಗತಿಯಿಲ್ಲ. ಆದರೆ ಕೊಟ್ಟ ಔಷಧವೆಲ್ಲ ಹಸುವಿನ ಮೈಯಲ್ಲೇ ಕರಗುವುದಿಲ್ಲ. ಟೆಟ್ರಾಸೈಕ್ಲಿನ್ ಜಾತಿಯದ್ದು ಹೆಚ್ಚು ಪಾಲು ಸಗಣಿ, ಗಂಜಲದಲ್ಲಿ ಹಾಗೇ ಹೊರಬರುತ್ತೆ. ಅದು ಹರಿದು ಕಟ್ಟೆ ಸೇರಿದರೆ ಅಲ್ಲಿನ ರೋಗಾಣುಗಳು ಔಷಧಕ್ಕೆ ಬಗ್ಗದಂತೆ ಪಳಗುತ್ತವೆ. ನಾಳೆ ಹಸುವಿಗಾಗಲಿ ಮಗುವಿಗಾಗಲಿ ಅದೇ ಇಂಜೆಕ್ಷನ್ ನಾಟೋದಿಲ್ಲ. ಈ ಭಯಕ್ಕೇ 2019ರಲ್ಲಿ ಕೇಂದ್ರ ಸರ್ಕಾರ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕೆ ಸಾಕುವ ಪ್ರಾಣಿ, ಕೋಳಿಗಳಿಗೆ ಕೊಡುವುದನ್ನು ನಿಷೇಧಿಸಿತು.

ಇಂಥ ಔಷಧವನ್ನು ನೀರಿನಲ್ಲಿ ಬಿಸಿಲಿಂದಲೇ ಒಡೆಯುವ ದಾರಿಯನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಬಿಳಿ ಪೇಂಟಿಗೆ ಬೆರೆಸುವ ಟೈಟಾನಿಯಂ ಡೈಆಕ್ಸೈಡ್ ಪುಡಿ ಈ ಕೆಲಸ ಮಾಡುತ್ತೆ. ಆದರೆ ಅದಕ್ಕೆ ಅತಿನೇರಳೆ ಕಿರಣ ಬೇಕು. ಬಿಸಿಲಲ್ಲಿ ಅದಿರೋದು ನೂರಕ್ಕೆ ಸುಮಾರು 5 ಪಾಲು. ಕಣ್ಣಿಗೆ ಕಾಣುವ ಬೆಳಕಲ್ಲೂ ದುಡಿಯುವ ಪುಡಿ ಕಾರ್ಬನ್ ನೈಟ್ರೈಡ್. ನಾವು ರಾಗಿಗೆ ಎರಚುವ ಯೂರಿಯಾವನ್ನೇ ಮುಚ್ಚಿದ ಮೂಸೆಯಲ್ಲಿ ಸುಮಾರು 550 ಡಿಗ್ರಿಗೆ ಕಾಯಿಸಿದರೆ ಈ ತಿಳಿಹಳದಿ ಪುಡಿ ಉಳಿಯುತ್ತೆ. ಬೆಳಕು ಬಿದ್ದಾಗ ಪುಡಿಯೊಳಗಿನ ಎಲೆಕ್ಟ್ರಾನು ಜಾಗ ಬಿಟ್ಟೇಳುತ್ತೆ. ಅದರಿಂದ ನೀರಲ್ಲಿ ಕರಗಿದ ಆಮ್ಲಜನಕ ಚುರುಕಾಗಿ ಔಷಧದ ಕಣವನ್ನು ತುಂಡರಿಸುತ್ತೆ.

ಮನೇಲಿ ಕಾಯಿಸೋಕೆ ಹೋಗಬೇಡಿ, ಅಮೋನಿಯಾ ಉಸಿರು ಕಟ್ಟಿಸುತ್ತೆ. ಕೊಚ್ಚೆ ನೀರಲ್ಲಿ ಬೆಳಕು ಇಳಿಯೋದಿಲ್ಲ, ಬೆರೆಸಿದ ಪುಡಿಯನ್ನು ಮತ್ತೆ ಸೋಸಿ ತೆಗೆಯೋದೂ ಕಷ್ಟ. ಹಾಗಾಗಿ ಅದಿನ್ನೂ ನಮ್ಮ ಕೊಟ್ಟಿಗೆಗೆ ಬಂದಿಲ್ಲ.

ಅಲ್ಲಿವರೆಗೆ ನಮ್ಮ ಕೈಲಿರೋದು ಇಷ್ಟು: ಕೈ, ಕೆಚ್ಚಲು ತೊಳೆದು ಹಾಲು ಕರೆಯೋದು; ಡಾಕ್ಟರು ಹೇಳದೆ ಔಷಧ ಕೊಡದಿರೋದು; ಅವರು ಹೇಳಿದಷ್ಟು ದಿನ ಆ ಹಾಲು ಡೇರಿಗೆ ಹಾಕದಿರೋದು. ಚೆನ್ನಾಗಿ ಕಾದು ಕಳಿತ ಗೊಬ್ಬರದಲ್ಲಿ ಟೆಟ್ರಾಸೈಕ್ಲಿನ್ ಬಹಳಷ್ಟು ಕಮ್ಮಿಯಾಗುತ್ತೆ. ಅದಕ್ಕೇ ನಾನು ಕೊಟ್ಟಿಗೆಯ ಗಂಜಲ ಕಟ್ಟೆಗೆ ಹರಿಯದಂತೆ ತಿಪ್ಪೆಗುಂಡಿಗೆ ತಿರುಗಿಸಿದ್ದೀನಿ. ಒಂದು ದಿನದ ಗುದ್ದಲಿ ಕೆಲಸ, ಅಷ್ಟೆ.