ನಾಯಿ ಎಳೆಯುತ್ತಾ? ಯಾವ ಬೆಲ್ಟ್ ಹಾಕಬೇಕು?

ವಾಕಿಂಗ್‌ಗೆ ಹೊರಟರೆ ನಾಯಿನೇ ನಿಮ್ಮನ್ನ ಎಳ್ಕೊಂಡು ಹೋಗುತ್ತಾ? ಅಂಗಡಿಯಲ್ಲಿ ಕೇಳಿದರೆ ಚೋಕ್ ಚೈನ್, ಮುಳ್ಳಿನ ಬೆಲ್ಟ್, ಕರೆಂಟ್ ಹೊಡೆಯೋ ಶಾಕ್ ಕಾಲರ್ ತೋರಿಸಬಹುದು. ದಯವಿಟ್ಟು ತಗೋಬೇಡಿ.

ನಾಯಿಯ ಕುತ್ತಿಗೆಯಲ್ಲೂ ನಮ್ಮ ಹಾಗೇ ಶ್ವಾಸನಾಳ, ಥೈರಾಯ್ಡ್ ಗ್ರಂಥಿ ಇವೆ. ಚೈನ್ ಜಗ್ಗಿದಾಗಲೆಲ್ಲ ಪೆಟ್ಟು ಅಲ್ಲಿಗೇ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಎದುರಿಗೆ ಬೇರೆ ನಾಯಿ ಬಂತು, ನಿಮ್ಮದು ಬೊಗಳಿತು, ನೀವು ಶಾಕ್ ಕೊಟ್ಟಿರಿ ಅನ್ನಿ. ಬೊಗಳಿದ್ದು ತಪ್ಪು ಅಂತ ಅದಕ್ಕೆ ಹೊಳೆಯದೇ ಇರಬಹುದು. ಆ ನಾಯಿ ಹತ್ತಿರ ಬಂದರೆ ನೋವಾಗುತ್ತೆ ಅಂತ ಕಲಿತುಬಿಡಬಹುದು. ಮುಂದಿನ ಸಲ ಸೀದಾ ಕಚ್ಚೋಕೇ ಹೋಗಬಹುದು. ಬ್ರಿಟನ್ನಿನ ವೇಲ್ಸ್ 2010ರಲ್ಲೇ ಶಾಕ್ ಕಾಲರ್ ನಿಷೇಧಿಸಿದೆ.

ಎಳೆಯೋ ನಾಯಿಗೆ ಎದೆಯ ಮುಂಭಾಗದಲ್ಲಿ ಕೊಂಡಿ ಇರುವ ಹಾರ್ನೆಸ್ ಹಾಕಿ. ಮುಂದಕ್ಕೆ ಜಗ್ಗಿದರೆ ಅದರ ಮೈ ನಿಮ್ಮ ಕಡೆಗೇ ತಿರುಗುತ್ತೆ. ಮುಧೋಳ ನಾಯಿ ಸಾಕಿದ್ದೀರಾ? ತಲೆ ಸಪೂರ, ಸಾಮಾನ್ಯ ಬೆಲ್ಟಿಂದ ಸಲೀಸಾಗಿ ನುಸುಳಿಬಿಡುತ್ತೆ. ಅದಕ್ಕೆ ಅಗಲವಾದ ಬಟ್ಟೆಯ ಮಾರ್ಟಿಂಗೇಲ್ ಕಾಲರ್ ಸರಿ. ಅಳತೆಗೆ ಸರಿಯಾಗಿ ಹೊಂದಿಸಿದರೆ ಒಂದು ಮಿತಿವರೆಗೆ ಮಾತ್ರ ಬಿಗಿಯಾಗುತ್ತೆ. ಮಾಮೂಲಿ ಬೆಲ್ಟ್ ಆದರೆ ಒಳಗೆ ಎರಡು ಬೆರಳು ತೂರಬೇಕು.

ಬೆಲ್ಟ್ ಹಾಕಿದ ಮಾತ್ರಕ್ಕೆ ನಾಯಿ ಕಲಿಯಲ್ಲ. ಎಳೆದ ಕೂಡಲೇ ನಿಂತುಬಿಡಿ. ಹಗ್ಗ ಸಡಿಲ ಆಯ್ತಾ? "ಶಭಾಷ್" ಅಂದು, ಬೇಯಿಸಿದ ಕೋಳಿಯ ಚೂರು ಬಾಯಿಗಿಟ್ಟು, ಮುಂದೆ ನಡೀರಿ. ದಿನಾ ಇದೇ ಕ್ರಮ, ಮನೆಯವರೆಲ್ಲರೂ.

ಮೆತ್ತಗಿದ್ದ ನಾಯಿ ಏಕಾಏಕಿ ಗುರ್ ಅನ್ನೋಕೆ ಶುರು ಮಾಡಿದರೆ ಕಿವಿನೋವೋ ಕೀಲುನೋವೋ ಇರಬಹುದು. ಮೊದಲು ಪಶುವೈದ್ಯರಿಗೆ ತೋರಿಸಿ.