ಖಾಲಿ ಸ್ಥಳಕ್ಕೆ ವಿಳಾಸ

ಗಣಕದ ದೊಡ್ಡ ಕಾರ್ಯಕ್ರಮವನ್ನು ಹಲವು ತುಂಡುಗಳಾಗಿ ಬರೆಯುವುದು ರೂಢಿ. ಒಂದು ತುಂಡಿಗೆ ಮತ್ತೊಂದರಲ್ಲಿರುವ ದತ್ತಾಂಶವು ಬೇಕಾದಾಗ, ಅದು ಯಾವ ವಿಳಾಸದಲ್ಲಿ ನೆಲೆಸುವುದೆಂಬುದು ಮೊದಲೇ ತಿಳಿದಿರದು. ಆದುದರಿಂದ ಸ್ಥಳವನ್ನು ಖಾಲಿ ಬಿಟ್ಟು, ಒಂದು ಟಿಪ್ಪಣಿಯನ್ನು ಇಡಲಾಗುತ್ತದೆ. ಈ ಟಿಪ್ಪಣಿಯೇ ರಿಲೊಕೇಷನ್. ಅದನ್ನೋದಿ ವಿಳಾಸವನ್ನು ತುಂಬುವುದು ಲಿಂಕರ್.

ತುಂಬುವುದರಲ್ಲಿ ಕಷ್ಟವೇನೆಂದು ವಾಚಕರು ಕೇಳಬಹುದು. ೨೦೧೦ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ರಿಸ್ಕ್-ಫೈವ್ ವಿನ್ಯಾಸವನ್ನು ನೋಡೋಣ. ಅದರ ಮೂಲ ಆದೇಶಗಳ ಉದ್ದ ೩೨ ಬಿಟ್. ೩೨ ಬಿಟ್‌ಗಳ ವಿಳಾಸವು ಅಂತಹ ಒಂದೇ ಆದೇಶದೊಳಗೆ ಹಿಡಿಸದು. ಮೇಲಿನ ೨೦ ಬಿಟ್‌ಗಳನ್ನು ಒಂದು ಆದೇಶವೂ, ಉಳಿದ ೧೨ನ್ನು ಮುಂದಿನದೂ ಹೊರುತ್ತವೆ. ಆದರೆ ಈ ಕೆಳಭಾಗವನ್ನು ಯಂತ್ರವು −೨೦೪೮ರಿಂದ ೨೦೪೭ರವರೆಗಿನ ಸಂಖ್ಯೆಯೆಂದು ಓದುತ್ತದೆ.

ವಿಳಾಸವು ೧೨೦೦೦ ಎಂದಿರಲಿ. ಅದು ೪೦೯೬ರ ಎರಡರಷ್ಟು, ಮೇಲೆ ೩೮೦೮. ಈ ಶೇಷವನ್ನು ಯಂತ್ರವು −೨೮೮ ಎಂದೇ ಓದಿ, ೭೯೦೪ನ್ನು ತಲುಪೀತು! ಅದಕ್ಕೆಂದೇ ಲಿಂಕರ್ ಮೇಲ್ಭಾಗಕ್ಕೆ ಒಂದನ್ನು ಕೂಡಿಸುತ್ತದೆ: ೧೨೨೮೮ರಲ್ಲಿ ೨೮೮ ಕಳೆದರೆ ೧೨೦೦೦. ಒಂಬತ್ತು ಗಂಟೆ ಐವತ್ತೈದು ನಿಮಿಷವನ್ನು ನಾವು ‘ಹತ್ತಕ್ಕೆ ಐದು ನಿಮಿಷ ಕಡಿಮೆ’ ಎನ್ನುವುದಿಲ್ಲವೆ?

ಆ ಒಂದನ್ನು ಮರೆತರೂ ಶೇಷವು ೨೦೪೭ನ್ನು ಮೀರದ ವಿಳಾಸಗಳೆಲ್ಲ ಸರಿಯಾಗಿಯೇ ಒದಗುತ್ತವೆ. ಅರ್ಧ ಸರಿಯಿರುವ ತಪ್ಪು ಬಹುಕಾಲ ಅಡಗಿರಬಲ್ಲುದು.