ಬಿತ್ತನೆ, ಕಳೆ, ಕೊಯ್ಲು

ದೊಡ್ಡೇರಿ ಎಂಬ ಹೆಸರನ್ನು ಕೇಳಿದೊಡನೆಯೇ, ಚರಿತ್ರೆಯಲ್ಲಿ ಅಭಿರುಚಿಯುಳ್ಳ ಶ್ರೋತೃಗಳು 1695ರಲ್ಲಿ ಸಂತಾಜಿ ಘೋರ್ಪಡೆಯು ಮೊಗಲರ ಕಾಸಿಂ ಖಾನನನ್ನು ಮುತ್ತಿದ ಊರನ್ನು ನೆನೆದಾರು. ಅದು ಚಳ್ಳಕೆರೆಯ ಕಡೆಯದು. ನಾನು ಹೇಳಹೊರಟಿರುವುದು ಮಧುಗಿರಿ ತಾಲ್ಲೂಕಿನ ದೊಡ್ಡೇರಿಯ ವಿಷಯ. ಇಲ್ಲಿ ಹೊಲವನ್ನು ಮುತ್ತುವ ಶತ್ರು ಕಳೆಯೊಂದೇ; ಅದು ವರ್ಷವರ್ಷವೂ ತಪ್ಪದೆ ಬರುತ್ತದೆ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಭೂಮಿಯು ಬಹುಮಟ್ಟಿಗೆ ಕೆಂಪು ಮರಳುಮಿಶ್ರ ನೆಲ. ನೀರನ್ನು ಬೇಗ ಕುಡಿಯುತ್ತದೆ, ಬೇಗ ಕಳೆದುಕೊಳ್ಳುತ್ತದೆ. ಮಳೆಯೂ ಅಲ್ಪವೇ, ಪಾವಗಡದ ಕಡೆ ಇನ್ನೂ ಅಲ್ಪ. ಆದಕಾರಣ ಇಲ್ಲಿಯ ರೈತನಿಗೆ ಬಿತ್ತನೆಯೆಂಬುದು ಪಂಚಾಂಗವನ್ನು ನೋಡಿ ಮಾಡುವ ಕಾರ್ಯವಾದರೂ, ಕೊನೆಯ ತೀರ್ಪು ಅವನ ಮುಷ್ಟಿಯಲ್ಲಿಯೇ ಇದೆ. ನಾಲ್ಕು ಬೆರಳಾಳದ ಮಣ್ಣನ್ನು ಹಿಡಿದು ಅದುಮಿದರೆ ಉಂಡೆ ಕಟ್ಟಬೇಕು. ಬೆರಳಿನಿಂದ ಮುಟ್ಟಿದರೆ ಉದುರಬೇಕು. ಉಂಡೆಯೇ ಕಟ್ಟದಿದ್ದರೆ ಹದ ಸಾಲದು, ಕೈಗಂಟಿದರೆ ಹೆಚ್ಚಾಯಿತು. ಈ ಹದವು ಬಿಸಿಲಿನಲ್ಲಿ ಎರಡು ಮೂರು ದಿನ ನಿಂತರೆ ದೊಡ್ಡದು. ಅಷ್ಟರೊಳಗೆ ಎತ್ತು, ಆಳು, ಬೀಜ ಮೂರೂ ಒದಗದವನ ಹೊಲವು ಮುಂದಿನ ಮಳೆಯನ್ನು ಕಾಯಬೇಕು. ಆ ಮಳೆ ಬಂದೇತೆಂಬ ಭರವಸೆಯಿಲ್ಲ.

ರಾಗಿಯ ಬೀಜ ಅತಿ ಸಣ್ಣದು. ಅದನ್ನು ಒಂದಂಗುಲಕ್ಕಿಂತ ಆಳಕ್ಕೆ ಬಿಡಬಾರದು. ಕಡಲೆಕಾಯಿಯ ಬೀಜಕ್ಕೆ ಎರಡಂಗುಲ ಸಲ್ಲುತ್ತದೆ. ಬೀಜವು ತನ್ನೊಳಗಿನ ಬುತ್ತಿಯನ್ನೇ ಉಂಡು ಬೆಳಕಿನವರೆಗೆ ಏರಬೇಕಾದುದರಿಂದ, ಬುತ್ತಿ ಚಿಕ್ಕದಾದಷ್ಟೂ ದಾರಿ ಚಿಕ್ಕದಾಗಿರಬೇಕು. ಪಟ್ಟಣದ ಹಿತ್ತಿಲಲ್ಲಿ ದಂಟಿನ ಬೀಜವನ್ನು ಗುಂಡಿ ತೋಡಿ ಹಾಕಿ, ಮೊಳೆಯಲಿಲ್ಲವೆಂದು ಅಂಗಡಿಯವನನ್ನು ಬಯ್ಯುವ ಮಹನೀಯರು ಇದನ್ನು ಗಮನಿಸಬೇಕು. ಅಂಥ ಬೀಜವನ್ನು ಮರಳಿನೊಡನೆ ಕಲಸಿ ಮೇಲೆ ಚೆಲ್ಲಿ, ತೆಳುವಾಗಿ ಮಣ್ಣೆಳೆದರೆ ಸಾಕು.

ನಮ್ಮ ಸೀಮೆಯ ಕೂರಿಗೆಯು ಬಹು ಬುದ್ಧಿವಂತಿಕೆಯ ಉಪಕರಣ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅದನ್ನು ವರ್ಣಿಸಿದ್ದಾನೆ. ಮೇಲಿನ ಮರದ ಬಟ್ಟಲಿಗೆ ಸುರಿದ ಬೀಜವು ಬಿದಿರಿನ ಕೊಳವೆಗಳಲ್ಲಿ ಇಳಿದು, ಸಮನಾದ ಸಾಲುಗಳಲ್ಲಿ ಬೀಳುತ್ತದೆ. ಹಿಂದೆ ಕಟ್ಟಿದ ಬೇರೊಂದು ಕೊಳವೆಯಿಂದ ಅವರೆಯನ್ನೋ ತೊಗರಿಯನ್ನೋ ಅಕ್ಕಡಿಸಾಲಾಗಿ ಬಿಡುತ್ತಾರೆ. ಟ್ರಾಕ್ಟರಿನ ಕೂರಿಗೆ ಬಂದ ಮೇಲೂ ತತ್ತ್ವ ಅದೇ. ಸಾಲಿನ ಪ್ರಯೋಜನ ಅಂದಕ್ಕಲ್ಲ, ಮುಂದೆ ಬರುವ ಕಳೆಗೆ. ರಾಗಿಯ ಹೊಲದಲ್ಲಿ ಕಾಡುರಾಗಿಯೆಂಬ ಹುಲ್ಲು ಹುಟ್ಟುತ್ತದೆ. ಎಳೆಯದರಲ್ಲಿ ಅದನ್ನು ಪೈರಿನಿಂದ ಬೇರ್ಪಡಿಸಿ ನೋಡುವುದು ಅನುಭವಿಗಳಿಗೂ ಕಷ್ಟ. ಚೆಲ್ಲಿ ಬಿತ್ತಿದ ಹೊಲದಲ್ಲಿ ಕಣ್ಣು ಸೋಲುತ್ತದೆ. ಸಾಲು ಬಿತ್ತನೆಯಲ್ಲಾದರೋ, ಸಾಲಿನ ನಡುವೆ ಇದ್ದುದೆಲ್ಲವೂ ಕಳೆಯೇ. ರೂಪವನ್ನು ನೋಡಬೇಕಾಗಿಲ್ಲ, ಸ್ಥಾನವನ್ನು ನೋಡಿದರೆ ಸಾಕು. ಎಡೆಕುಂಟೆಯು ಅದನ್ನು ಬೇರುಸಮೇತ ಕತ್ತರಿಸಿ, ಮೇಲ್ಮಣ್ಣನ್ನು ಸಡಿಲಿಸಿ, ಒಳಗಿನ ತೇವವು ಆರಿಹೋಗದಂತೆಯೂ ಮಾಡುತ್ತದೆ.

ಕಳೆಗಳಲ್ಲಿ ಎರಡು ಜಾತಿಯೆಂದು ತಿಳಿದರೆ ಅರ್ಧ ಶ್ರಮ ಉಳಿಯುತ್ತದೆ. ಅಣ್ಣೆಸೊಪ್ಪು, ಪಾರ್ಥೇನಿಯಂ ಮೊದಲಾದವು ಬೀಜದಿಂದ ಹುಟ್ಟುವವು. ಇವನ್ನು ಹೂವಿಗೆ ಮುಂಚೆ ಕಿತ್ತರೆ ವಂಶವೇ ನಿಲ್ಲುತ್ತದೆ. ಎಳೆಯ ಅಣ್ಣೆಸೊಪ್ಪು ಸಾರಿಗೂ ಆದೀತು; ಕಳೆ ಕೀಳುವ ಹೆಂಗಸರ ಮಡಿಲಲ್ಲಿ ಅದು ಮನೆಗೆ ಹೋಗುವುದುಂಟು. ಪಾರ್ಥೇನಿಯಂ ಹಾಗಲ್ಲ. 1955ರಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು ದೇಶವನ್ನೆಲ್ಲ ಹಬ್ಬಿದ ಈ ಗಿಡವು ಮೈತುರಿಕೆಯನ್ನೂ ಉಬ್ಬಸವನ್ನೂ ತರುತ್ತದೆ. ಇದನ್ನು ತಿನ್ನಲೆಂದು ಮೆಕ್ಸಿಕೋ ದೇಶದ ದುಂಬಿಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಎರಡನೆಯ ಜಾತಿ ಗರಿಕೆ, ತುಂಗೆಗಳದು. ತುಂಗೆಯ ತಲೆಯನ್ನು ಕತ್ತರಿಸಿದರೆ ಕೆಳಗಿನ ಗೆಡ್ಡೆಯು ಮತ್ತೆ ಚಿಗುರುತ್ತದೆ. ಗರಿಕೆಯನ್ನು ತುಂಡುಮಾಡಿದರೆ ತುಂಡಿಗೊಂದು ಗಿಡ. ಇವನ್ನು ಬೇಸಗೆಯಲ್ಲಿ ಆಳವಾಗಿ ಉತ್ತು, ಬೇರು ಗೆಡ್ಡೆಗಳನ್ನು ಆಯ್ದು ಬಿಸಿಲಿಗೆ ಸುಡಬೇಕಲ್ಲದೆ, ಮಳೆಗಾಲದಲ್ಲಿ ಕೆರೆಯುವುದು ಅವಕ್ಕೆ ಉಪಕಾರವೇ ಸರಿ.

ಕಡಲೆಕಾಯಿಯಲ್ಲಿ ಕಳೆ ಕೀಳುವುದಕ್ಕೆ ಒಂದು ಗಡುವಿದೆ. ಹೂವು ನೆಲದ ಮೇಲೆ ಅರಳಿ ಫಲಿತವಾದ ಬಳಿಕ, ಅದರ ಬುಡದಿಂದ ಸೂಜಿಯಂಥ ಮೊಳೆಯೊಂದು ಕೆಳಗಿಳಿದು ಮಣ್ಣನ್ನು ಹೊಕ್ಕು, ಅಲ್ಲಿ ಕಾಯಾಗುತ್ತದೆ. ಆದುದರಿಂದ ಬಿತ್ತಿದ ಸುಮಾರು 45 ದಿನಗಳೊಳಗಾಗಿ ಕುಂಟೆಯ ಕೆಲಸ ಮುಗಿಯಬೇಕು. ಅನಂತರ ಕುಂಟೆ ಹೊಡೆದರೆ ಕಳೆಯೊಡನೆ ಫಸಲೂ ಹರಿದುಹೋಗುತ್ತದೆ. ಮೊಳೆ ಇಳಿಯುವ ಕಾಲಕ್ಕೆ ಎಕರೆಗೆ ಸುಮಾರು 200 ಕಿಲೋಗ್ರಾಂ ಜಿಪ್ಸಂ ಕೊಟ್ಟು ಮಣ್ಣೇರಿಸುವುದು ವಾಡಿಕೆ. ಕಾಯಿಯು ತನಗೆ ಬೇಕಾದ ಸುಣ್ಣದ ಅಂಶವನ್ನು ಬೇರಿನ ಮೂಲಕವಲ್ಲದೆ ತಾನೇ ಮಣ್ಣಿನಿಂದ ಹೀರಿಕೊಳ್ಳುತ್ತದೆ.

ಕೊಯ್ಲಿನ ಕಾಲವನ್ನು ಎಲೆ ಪೂರ್ತಿಯಾಗಿ ಹೇಳುವುದಿಲ್ಲ. ಒಂದೆರಡು ಗಿಡ ಕಿತ್ತು ಕಾಯೊಡೆದು, ಸಿಪ್ಪೆಯ ಒಳಮೈ ಕಪ್ಪಾಗಿದೆಯೇ ಎಂದು ನೋಡಬೇಕು. ನಮ್ಮ ಗೊಂಚಲು ಜಾತಿಯ ಕಡಲೆಕಾಯಿಯ ಬೀಜಕ್ಕೆ ನಿದ್ರೆಯೆಂಬುದೇ ಇಲ್ಲ. ಬಲಿತ ಮೇಲೆ ಮಳೆ ಬಿದ್ದರೆ ನೆಲದೊಳಗೇ ಮೊಳೆತುಬಿಡುತ್ತದೆ. ಹಸಿಯಾಗಿ ರಾಶಿ ಹಾಕಿದರೆ ಅದಕ್ಕಿಂತ ಕೇಡು, ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿಕೋಳಿಗಳು ಸತ್ತುದು ಇಂಥ ಕಡಲೆಕಾಯಿ ಹಿಂಡಿಯನ್ನು ತಿಂದೇ. ಈ ವಿಷವನ್ನು ಜನ ಅರಿತುದು ಆಗ. ಕಾಯನ್ನು ಕಿವಿಯ ಬಳಿ ಅಲುಗಿಸಿದರೆ ಬೀಜ ಗಲಗಲನೆ ಸದ್ದು ಮಾಡುವವರೆಗೆ ಒಣಗಿಸಬೇಕು.

ರಾಗಿಗೆ ಈ ಭಯವಿಲ್ಲ. ತೆನೆ ಕಂದಾದ ಮೇಲೆ ಕೊಯ್ದು, ಬಣವೆ ಒಟ್ಟಿ, ಬಿಡುವಾದಾಗ ಕಣ ಮಾಡಬಹುದು. ಕಾಳು ಒಣಗಿದ್ದರೆ ವರ್ಷಗಟ್ಟಳೆ ನಿಲ್ಲುತ್ತದೆ. ಬರದ ಸೀಮೆಯ ಮನೆಗಳಲ್ಲಿ ಅದಕ್ಕೆ ಅಷ್ಟು ಮಾನವಿರುವುದು ಈ ಕಾರಣದಿಂದಲೇ. ಆಫ್ರಿಕದ ಮೂಲದ ಈ ಧಾನ್ಯವನ್ನು ಆಫ್ರಿಕದ ತಳಿಗಳೊಡನೆಯೇ ಮರಳಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟವರು ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು.

ಬಿತ್ತನೆಗೆ ಇಡತಕ್ಕ ಕಡಲೆಕಾಯನ್ನು ಮಾತ್ರ ಸಿಪ್ಪೆಯೊಡನೆಯೇ, ತಂಪಾದ ಒಣ ಸ್ಥಳದಲ್ಲಿ ಇಡಬೇಕು. ಸುಲಿಯುವುದು ಬಿತ್ತನೆಗೆ ಕೆಲವೇ ದಿನ ಮುಂಚೆ, ಅದೂ ಕೈಯಿಂದ; ಹೊರಪೊರೆ ಕಿತ್ತುಹೋದ ಬೀಜವನ್ನು ಒಗ್ಗರಣೆಗೆ ತೆಗೆದಿಡಿ.